ಎದುರು ಕುರ್ಚಿಯ ಷಡ್ಡಕ

ಲಿಫ್ಟ್ ರಿಪೇರಿಯವನಿಗೆ ಮೂಗಿನ ತುದಿಯಲ್ಲೇ ಕೋಪ. ಜೊತೆ ಕೆಲಸಗಾರರು ಅವನನ್ನು ‘ಸಿಡುಕ’ ಎಂದೇ ಕರೆಯುತ್ತಿದ್ದರು, ಎದುರಿಗೂ. ಕುಡಿದಾಗ ಮಾತ್ರ ಸಿಡುಕು ಇಳಿಯುತ್ತಿತ್ತು. ಹಾಗಾಗಿ ಅವನ ಕುಡಿತದ ಬಗ್ಗೆ ಬಹಳ ಕಾಲ ಯಾರೂ ತಕರಾರು ತೆಗೆಯಲಿಲ್ಲ. ಒಂದು ಮಧ್ಯಾಹ್ನ ಲಿಫ್ಟ್ ಓಡಾಡುವ ಆಳದ ಗುಂಡಿಯ ಮೇಲೆ ಬಗ್ಗಿ ನಿಂತಿದ್ದಾಗ ಕೈಯಿಂದ ದೊಡ್ಡ ಸ್ಪ್ಯಾನರ್ ಜಾರಿತು. ಕೆಳಗೆ ಗ್ರೀಸ್ ಹಚ್ಚುತ್ತಿದ್ದವನ ಕಿವಿಯ ಪಕ್ಕದಲ್ಲೇ ಹಾದು ನೆಲಕ್ಕೆ ಬಡಿಯಿತು. ಓಡಿ ಬಂದ ಸೂಪರ್‌ವೈಸರ್ ಅವನ ಬಾಯಿ ಮೂಸಿದ.

“ನಾಳೆಯಿಂದ ಗೋಡೌನ್‌ನಲ್ಲಿ ಹಳೇ ಬೋಲ್ಟ್ ಆರಿಸ್ಕೊಂಡು ಕೂತ್ಕೋ. ಕುಡಿತ ಬಿಡೋರ ಮೀಟಿಂಗ್‌ಗೆ ಹೋಗು. ನೆಟ್ಟಗಾದ್ಮೇಲೆ ನೋಡೋಣ.”

ಮೊದಲು ಹೋದದ್ದು ವಾಚನಾಲಯದ ಮೇಲಿನ ಹಾಲ್‌ಗೆ. ಸಭೆ ನಡೆಸುವವರು ನಿವೃತ್ತ ಮೇಷ್ಟ್ರು, ಮಾತೆಲ್ಲ ಜೇನು. ಯಾರು ಏನು ಹೇಳಿದರೂ ಚಪ್ಪಾಳೆ. ಒಬ್ಬ ಹೆಂಡತಿಗೆ ಹೊಡೆದೆ ಎಂದ, ಅದಕ್ಕೂ ಚಪ್ಪಾಳೆ.

“ಇದಕ್ಕೂ ತಟ್ತೀರಲ್ಲ, ನಾಚ್ಕೆ ಆಗಲ್ವಾ?” ಎಂದು ಸಿಡುಕ ಎದ್ದ. ಮೇಷ್ಟ್ರು ತಬ್ಬಿಕೊಳ್ಳಲು ಬಂದರು. ಅವನು ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟ.

ಎರಡನೆಯದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಪೈಪೋಟಿ. ಒಬ್ಬ ಚರಂಡಿಗೆ ಬಿದ್ದಿದ್ದರೆ ಮತ್ತೊಬ್ಬ ಅದಕ್ಕಿಂತ ಆಳದ ಚರಂಡಿಗೆ ಬಿದ್ದಿದ್ದ. ಕೇಳುತ್ತಾ ಕೇಳುತ್ತಾ ಸಿಡುಕನಿಗೇ ಬಾಯಾರಿತು. ಎದ್ದವನು ನೇರ ಬಾರಿಗೆ ಹೋದ.

ಮೂರನೆಯದು ಆಸ್ಪತ್ರೆಯ ನೆಲಮಾಳಿಗೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರಗಳು ಗಡಗಡ ಎನ್ನುತ್ತಿದ್ದವು, ಕೋಣೆ ಕುದಿಯುತ್ತಿತ್ತು. ನಡೆಸುವಾಕೆ ಹಳೆಯ ನರ್ಸ್, ಸೂಜಿಯಂಥ ದನಿ.

“ಬಂದ್ರಾ? ಕುರ್ಚಿ ನೀವೇ ಬಿಡಿಸ್ಕೊಳ್ಳಿ. ಇಲ್ಲಿ ಕೇಳಿದ್ದು ಇಲ್ಲೇ ಇರ್ಬೇಕು. ಜಗಳ ಇದ್ರೆ ಹೊರಗೆ.”

ಕುರ್ಚಿ ಬಿಡಿಸಿ ಕೂತು ತಲೆ ಎತ್ತಿದರೆ, ಎದುರಿಗೆ ಅವನ ಷಡ್ಡಕ! ಹೆಂಡತಿಯ ಅಕ್ಕನ ಗಂಡ. ಡ್ರೈವಿಂಗ್ ಕಲಿಸುವವನು; ಇಸ್ತ್ರಿ ಮುರಿಯದ ಅಂಗಿ, ತೂಗಿ ಆಡುವ ಮಾತು. ಹಿಂದೊಮ್ಮೆ ಅತ್ತೆಯ ಮನೆಯಲ್ಲಿ, ಎಲ್ಲರ ಎದುರು, ಸಿಡುಕನ ಚೀಲದಿಂದ ಬಾಟಲಿ ತೆಗೆದು ಸಿಂಕಿಗೆ ಸುರಿದು, “ಮರ್ಯಾದಸ್ಥರ ಮನೆ ಕಣಯ್ಯಾ ಇದು” ಎಂದಿದ್ದವನು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಎಣ್ಣೆ ತನ್ನೊಬ್ಬನದೇ ಎಂದು ಸಿಡುಕ ತಿಳಿದಿದ್ದ.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಷಡ್ಡಕ ಅಡ್ಡ ನಿಂತ. “ಹೊರಗೆ ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ. ನೀನು ಬೇರೆ ಮೀಟಿಂಗ್ ನೋಡ್ಕೋ.”

“ನೀನೇ ನೋಡ್ಕೋ. ಈ ಕುರ್ಚಿ ನಿಮ್ಮಪ್ಪಂದಾ?”

ಹೋಗಲು ಮನಸ್ಸಿಲ್ಲದಿದ್ದ ಜಾಗಕ್ಕೆ ಸಿಡುಕ ಮುಂದಿನ ವಾರ ಎಲ್ಲರಿಗಿಂತ ಮೊದಲೇ ಹೋಗಿ ಕೂತ. ನಡುವೆ ಒಂದು ಸಲ ಕಾಲು ಜಾರಿತು. ಏಲಕ್ಕಿ ಅಗಿದು ಬಂದಿದ್ದ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಷಡ್ಡಕ ಮೂಗು ಅರಳಿಸಿದ.

“ಸಿಸ್ಟರ್, ಇವ್ನು ಹಾಕ್ಕೊಂಡು ಬಂದಿದ್ದಾನೆ.”

ಅವನ ಮುಖದಲ್ಲಿ ಕಂಡ ಸಂತೋಷ ಸಿಡುಕನ ಹೊಟ್ಟೆಗೆ ಕೆಂಡ ಸುರಿಯಿತು. ಇನ್ನೊಂದು ಸಲ ಈ ಮೂಗಿಗೆ ಆ ಭಾಗ್ಯ ಕೊಡಬಾರದು ಎಂದು ಹಲ್ಲು ಕಚ್ಚಿದ. ಹೆಂಡತಿಯ ಕಣ್ಣೀರು, ಸೂಪರ್‌ವೈಸರನ ಬೆದರಿಕೆ, ಯಾವುದೂ ಮಾಡದ ಕೆಲಸವನ್ನು ಆ ಹಠ ಮಾಡಿತು. ಬಾರಿನ ಮುಂದೆ ಹಾದು ಹೋಗುವಾಗಲೆಲ್ಲ ಆ ಮೂಗು ನೆನಪಾಗಿ ಕಾಲು ತಾನಾಗಿ ಮುಂದೆ ಸರಿಯುತ್ತಿತ್ತು.

ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ಎಂದಿನಂತೆ ದೊಡ್ಡಳಿಯನ ತಟ್ಟೆಗೆ ಮೊದಲು ಬಡಿಸಿ, ಚಿಕ್ಕಳಿಯನ ಕಡೆ ತಿರುಗಿದರು. “ಇವ್ರನ್ನ ನೋಡಿ ಕಲೀಬಾರ್ದಾ? ಒಂದು ಹನಿ ಮುಟ್ಟಿದವರಲ್ಲ.”

ಷಡ್ಡಕನ ಕೈ ತಟ್ಟೆಯಲ್ಲೇ ನಿಂತಿತು. ಸಿಡುಕನ ನಾಲಿಗೆ ತುರಿಸಿತು. ಒಂದೇ ಮಾತು ಸಾಕಿತ್ತು. ಆ ಅಂಗಿಯ ಇಸ್ತ್ರಿ ಜನ್ಮಕ್ಕೂ ನೆಟ್ಟಗಾಗುತ್ತಿರಲಿಲ್ಲ. ಅವನು ಷಡ್ಡಕನನ್ನೇ ನೋಡುತ್ತಾ ಅಂದ:

“ಹೌದತ್ತೆ. ವಾರವಾರ ಕಲೀತಾನೇ ಇದ್ದೀನಿ.”

ಊಟವಾದ ಮೇಲೆ ಕಾರಿನ ಬಳಿ ಷಡ್ಡಕ ಹಿಸುಕಿದ ದನಿಯಲ್ಲಿ, “ನಿನ್ನ ಉಪಕಾರ ನಂಗೆ ಬೇಡ” ಎಂದ.

“ನಿಂಗ್ಯಾರು ಉಪಕಾರ ಮಾಡಿದ್ರು? ನಂಗೆ ಬೇಕಾದಾಗ ಎಲ್ರಿಗೂ ಹೇಳ್ತೀನಿ, ಕಾಯ್ತಾ ಇರು.”

ಮುಂದಿನ ಸಭೆಗೆ ಷಡ್ಡಕ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಿಡುಕನಿಗೆ ಖುಷಿಯಾಗಬೇಕಿತ್ತು, ಆದರೆ ಅಂದು ಮನೆಗೆ ಹೋಗುವಾಗ ಬಾರಿನ ಮುಂದೆ ಕಾಲು ನಿಂತುಬಿಟ್ಟಿತು. ಅಲ್ಲಿಂದ ಹೊರಳಿ ನೇರ ಷಡ್ಡಕನ ಮನೆಗೆ ಹೋಗಿ ಬಾಗಿಲು ಗುದ್ದಿದ. ಮನೆಗೆ ನೆಂಟ ಬಂದನೆಂಬ ಗೌರವವೂ ಇಲ್ಲದೆ, ಗಡ್ಡ ಬೆಳೆದ, ಕಣ್ಣು ಕೆಂಪಾದ ಮನುಷ್ಯ ಬಾಗಿಲನ್ನು ಅರ್ಧವೇ ತೆಗೆದ. ಇಸ್ತ್ರಿಯ ಸುಳಿವೇ ಇರಲಿಲ್ಲ.

“ನೋಡಿ ನಗೋಕೆ ಬಂದ್ಯಾ?”

“ಹ್ಞೂಂ. ನಕ್ಕಾಯ್ತು. ಅಂಗಿ ಹಾಕ್ಕೋ, ನಡಿ. ಸಿಸ್ಟರ್ ಇನ್ನೂ ಬೀಗ ಹಾಕಿರಲ್ಲ.”

“ನಾನು ಸತ್ರೆ ನಿಂಗೇನೋ?”

“ಸಾಯಿ. ಬೇಡ ಅಂದ್ನಾ? ಆದ್ರೆ ನೀನಿಲ್ದೆ ಹೋದ್ರೆ ನಾನು ಯಾರ ಮೇಲೆ ಹಠ ಸಾಧಿಸ್ಲಿ? ಅಲ್ಲಿ ಉಳಿದೋರೆಲ್ಲ ಒಳ್ಳೆಯವ್ರು ಕಣೋ, ಅವ್ರ ಮೇಲೆ ಕೋಪಾನೇ ಬರಲ್ಲ!”

ಷಡ್ಡಕ ಬೈಯುತ್ತಲೇ ಚಪ್ಪಲಿ ಮೆಟ್ಟಿದ. ಇಬ್ಬರೂ ರಸ್ತೆಯ ಎರಡು ಬದಿ ಹಿಡಿದು ಆಸ್ಪತ್ರೆಗೆ ನಡೆದರು. ನರ್ಸ್ ಮಡಿಸಿಟ್ಟ ಕುರ್ಚಿಗಳ ಕಡೆ ಕೈ ತೋರಿಸಿದಳು.

ಸಿಡುಕ ಈಗ ಮತ್ತೆ ಲಿಫ್ಟ್ ಹತ್ತುತ್ತಾನೆ. ಷಡ್ಡಕ ಡ್ರೈವಿಂಗ್ ಕಲಿಸುವುದನ್ನು ತಾನಾಗಿಯೇ ಬಿಟ್ಟು, ಬಿಡಿಭಾಗದ ಅಂಗಡಿಯ ಗಲ್ಲಾದಲ್ಲಿ ಕೂತಿದ್ದಾನೆ. ಕಾರಣವನ್ನು ಹೆಂಡತಿಗೆ ತಾನೇ ಹೇಳಿದ. ನೆಲಮಾಳಿಗೆಯ ಹೊರಗೆ ಇಬ್ಬರಿಗೂ ಇವತ್ತಿಗೂ ಮಾತಿಲ್ಲ.