ಪಿನ್ನರಿನಲ್ಲಿ ಮಣ್ಣಿನ ಮಾತು

ಲಂಡನ್ನಿನ ಕ್ವೀನ್ಸ್‌ಬರಿಯಿಂದ ನಾವು ಮೂವರು ಹೊರಟಾಗ ಹತ್ತು ಗಂಟೆ ದಾಟಿತ್ತು. ತೊಂಬತ್ತರ ದಶಕದ ಕೊನೆಯ ಭಾಗ, ಏಪ್ರಿಲ್‌ನ ಒಂದು ಶನಿವಾರ. ಜೊತೆಗಿದ್ದವರು ಪಕ್ಕದ ಫ್ಲ್ಯಾಟಿನ ಡಾಕ್ಟರ್ ಈರಣ್ಣ ಮತ್ತು ಧಾರವಾಡದಿಂದ ಬಂದಿದ್ದ ಅವರ ತಾಯಿ ನೀಲವ್ವ.

ನೀಲವ್ವನ ವೀಸಾ ಮುಗಿಯುತ್ತ ಬಂದಿತ್ತು. ಅವರು ಇನ್ನು ಲಂಡನ್ನಿನಲ್ಲೇ ನೆಲೆಸಲಿ ಎಂಬುದು ಈರಣ್ಣನ ಆಸೆ. ಕೇಳಿದಾಗಲೆಲ್ಲ ಅವರು “ನೋಡೂಣು” ಎಂದು ಜಾರಿಕೊಳ್ಳುತ್ತಿದ್ದರು. “ಪಿನ್ನರ್ ತೋರಸೂಣು, ನೀವೂ ಬರ್ರಿ. ಹಳ್ಳಿ ಇದ್ದಂಗ ಐತಿ, ಅಕಿಗೆ ಹಿಡಿಸತೈತಿ” ಎಂದು ಈರಣ್ಣ ನನ್ನನ್ನೂ ಕರೆದರು. ಚಳಿ, ಊಟ, ಮಾತಿಗೆ ಜನವಿಲ್ಲದ್ದು: ಮುದುಕಿಯ ಹಿಂಜರಿಕೆಗೆ ಇವೇ ಕಾರಣವೆಂದು ಮೈಸೂರಿನವಳಾದ ನಾನು ಆಗಲೇ ತೀರ್ಮಾನಿಸಿದ್ದೆ.

ವೆಂಬ್ಲಿ ಪಾರ್ಕಿನಲ್ಲಿ ಗಾಡಿ ಬದಲಿಸಿದೆವು. ಪೇಪರಿನಲ್ಲಿ ಮುಖ ಹುದುಗಿಸಿದ ಪ್ರಯಾಣಿಕರನ್ನು ನೋಡಿ ನೀಲವ್ವ, “ಇವರಿಗೆಲ್ಲಾ ಇವತ್ತ ಪರೀಕ್ಷಾ ಐತೇನ?” ಎಂದರು. ನಗುತ್ತ ಹತ್ತಿದ್ದು ಪಿನ್ನರಿಗೆ ಹೋಗದ ಅಕ್ಸ್‌ಬ್ರಿಜ್ ಗಾಡಿ. ಹ್ಯಾರೋದಲ್ಲಿ ಇಳಿದು ಕಾಯಬೇಕಾಯಿತು. “ಹತ್ತ ವರ್ಷ ಆತು ಈ ಊರಿಗೆ ಬಂದು, ಗಾಡಿ ಯಾವುದಂತ ಗೊತ್ತಿಲ್ಲ ನನ್ನ ಮಗಗ” ಎಂದು ಅದಕ್ಕೂ ಚುಚ್ಚಿದರು.

ಪಿನ್ನರ್ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ರೈಲು ಬಂದ ಮೇಲೆ ಲಂಡನ್ನು ಅದರ ಸುತ್ತ ಮನೆಗಳನ್ನು ಕಟ್ಟಿತು. ಆದರೂ ಹೈ ಸ್ಟ್ರೀಟಿನಲ್ಲಿ ನಿಂತರೆ ಹಳ್ಳಿ ಇನ್ನೂ ಕಾಣುತ್ತದೆ. ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ಗೋಡೆ, ತುಸು ವಾಲಿದ ಮಾಡು. ಒಂದು ಮನೆಯಲ್ಲಿ ಪಬ್ಬು, ಇನ್ನೊಂದರಲ್ಲಿ ಅಂಗಡಿ. ರಸ್ತೆ ಏರುತ್ತ ಹೋಗಿ ಚರ್ಚಿನ ಬಾಗಿಲಿಗೆ ಮುಟ್ಟುತ್ತದೆ. ಚಕಮಕಿ ಕಲ್ಲಿನ ಗೋಡೆ, ಗಿಡ್ಡ ದಪ್ಪ ಗೋಪುರ. ಆ ದಿನ ಮಳೆ ಹನಿಯುತ್ತಿತ್ತೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಡೈರಿಯಲ್ಲಿ ಮಾತ್ರ ಬಿಸಿಲು ಎಂದಿದೆ. ನೀಲವ್ವನ ಕೈಯಲ್ಲಿದ್ದ ಕೊಡೆಯೇ ನನ್ನ ನೆನಪಿಗೆ ಮಳೆಯನ್ನು ತಂದಿರಬೇಕು.

ಚರ್ಚಿನ ಅಂಗಳದಲ್ಲಿ ಸಮಾಧಿಗಳು. ಅವುಗಳ ನಡುವೆ ಒಂದು ವಿಚಿತ್ರ: ಮೇಲಕ್ಕೆ ಹೋದಂತೆ ಕಿರಿದಾಗುವ ಎತ್ತರದ ಕಲ್ಲಿನ ಕಂಬ, ಅದರ ನಡುಮಟ್ಟದಲ್ಲಿ ಎರಡೂ ಬದಿಗೆ ಚಾಚಿಕೊಂಡ ಕಲ್ಲಿನ ಶವಪೆಟ್ಟಿಗೆ. ಕಂಬವೇ ಪೆಟ್ಟಿಗೆಯನ್ನು ನುಂಗಹೊರಟು ಗಂಟಲಲ್ಲಿ ಸಿಕ್ಕಿಸಿಕೊಂಡಂತಿತ್ತು. ನೀಲವ್ವ ಕತ್ತೆತ್ತಿ ನಿಂತುಬಿಟ್ಟರು.

“ಅಯ್ಯ ಶಿವನ! ಇವರಿಗೆ ಮಣ್ಣ ಯಾಕ ಕೊಟ್ಟಿಲ್ಲ? ಕೇಳ್ರಿ ಅವರನ್ನ.”

ಚರ್ಚಿಗೆ ಹೂವು ಜೋಡಿಸಲು ಬಂದಿದ್ದ ಇಂಗ್ಲಿಷ್ ಮಹಿಳೆಯೊಬ್ಬರು ಅಲ್ಲೇ ಇದ್ದರು. ಮಣ್ಣೆಂದರೆ ನನಗೆ ಜಮೀನು. “ಇವರಿಗೆ ಯಾಕೆ ಜಮೀನು ಕೊಡಲಿಲ್ಲ ಅಂತ ಕೇಳ್ತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಆಕೆಯ ಕಣ್ಣರಳಿತು. “ಓ, ಇವರಿಗೆ ಆ ಕಥೆ ಗೊತ್ತಾ?” ಹೆಣ ನೆಲದ ಮೇಲಿರುವವರೆಗೂ ಆಸ್ತಿ ಕೈತಪ್ಪದು ಎಂಬ ಷರತ್ತಿತ್ತಂತೆ, ಅದಕ್ಕೇ ಮಗ ತಂದೆತಾಯಿಯನ್ನು ಮೇಲೇರಿಸಿದನಂತೆ. “ಅದು ಬರೀ ಕಥೆ. ಪೆಟ್ಟಿಗೆ ಖಾಲಿ. ಅವರಿಬ್ಬರೂ ಕೆಳಗೆ ನೆಲದಲ್ಲೇ ಇದ್ದಾರೆ.”

ಈರಣ್ಣ ಜೋರಾಗಿ ನಕ್ಕರು. “ಮಣ್ಣ ಕೊಡೂದಂದ್ರ ಹೂಳೂದ್ರೀ ಮೇಡಮ್ಮಾರ! ಅವ್ವಾ, ಪೆಟಿಗಿ ಖಾಲಿ ಐತಂತ. ಅವರು ಕೆಳಗ ಅದಾರ.”

“ಹಂಗಾರ ಮಣ್ಣ ಆಗೇತಿ.” ನೀಲವ್ವ ನಿರಾಳವಾದರು. ನಂತರ ಮಗನನ್ನು ಬಿಟ್ಟು ನನ್ನತ್ತ ತಿರುಗಿ, “ಇಲ್ಲೇ ಇದ್ರ ನನಗ ಮಣ್ಣ ಸಿಗತೈತೇನು, ಅದನ್ನೂ ಕೇಳ್ರಿ” ಎಂದರು.

ಈ ಸಲ ನನಗೆ ಅರ್ಥವಾಗಿತ್ತು. ನಾನು ಕೇಳಲಿಲ್ಲ, ಈರಣ್ಣನ ಮುಖ ನೋಡಿದೆ.

“ಅವ್ವಾ, ಎಂಥಾ ಮಾತ ಆಡ್ತಿ?”

“ಇರು ಇರು ಅಂತಿ. ಇದ್ದ ಮ್ಯಾಲೆ? ಹೋದ ತಿಂಗಳ ಇಲ್ಲೇ ತೀರಿಕೊಂಡ ಪಾಟೀಲರ ಅಪ್ಪಗ ಏನ ಮಾಡಿದ್ರಿ? ಗುಂಡಿ ಒತ್ತಿದ್ರು, ಪರದೆ ಮುಚ್ಚಿತು, ಸುಟ್ಟು ಬಂದ್ರಿ. ನಮ್ಮಲ್ಲಿ ಸುಡ್ತಾರೇನೋ? ನಿಮ್ಮಪ್ಪನ್ನ ಹೆಂಗ ಕುಂದ್ರಿಸಿ ಮಣ್ಣ ಕೊಟ್ಟೇವಿ, ಮರತಿ?”

“ಎಲ್ಲಾರೂ ಹಂಗ ಮಾಡ್ತಾರಂತ... ಇಲ್ಲಿ ಹೆಂಗಂತ ನಾ ಕೇಳೇ ಇಲ್ಲವ್ವಾ.”

“ಕೇಳು. ಡಾಕ್ಟರ್ ಅದಿ, ದಿನಾ ಸತ್ತವರನ್ನ ನೋಡ್ತಿ. ನನ್ನ ಸಾವ ಅಂದ್ರ ಬಾಯಿ ಮುಚ್ಚತಿ.”

ಈರಣ್ಣನೇ ಆ ಮಹಿಳೆಯ ಬಳಿ ಹೋದರು. ಈ ಅಂಗಳದಲ್ಲಿ ಜಾಗ ಮುಗಿದು ಎಷ್ಟೋ ಕಾಲವಾಗಿದೆ, ಈಗಿನ ಸ್ಮಶಾನ ಸ್ಥಳೀಯ ಕೌನ್ಸಿಲ್‌ನದು, ಅಲ್ಲೇ ವಿಚಾರಿಸಬೇಕು ಎಂದು ತಿಳಿಯಿತು. ಅಷ್ಟರಲ್ಲಿ ನೀಲವ್ವ ಕೊಡೆಯ ತುದಿಯಿಂದ ಹುಲ್ಲಿನಂಚನ್ನು ಕೆದಕಿ, ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. “ಅಂಟತೈತಿ. ನಮ್ಮ ಕರೀ ಎರಿ ಮಣ್ಣಿನಂಗ.”

ಆಮೇಲೆ ಚಹಾ, ಜ್ಯಾಮ್ ಹಚ್ಚಿದ ಸ್ಕೋನು. ಹಿಂತಿರುಗುವಾಗ ಪಿನ್ನರ್ ಪ್ಲ್ಯಾಟ್‌ಫಾರ್ಮಿನಲ್ಲಿ ಈರಣ್ಣ ಹೇಳಿದರು: “ಸೋಮವಾರ ಕೌನ್ಸಿಲ್‌ಗೆ ಫೋನ್ ಮಾಡ್ತೀನವ್ವಾ.”

“ಏನಂತ ಕೇಳ್ತಿ? ಈಗ ಕೇಳಿ ತೋರಸು.”

ಈರಣ್ಣ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಇಂಗ್ಲಿಷಿನಲ್ಲಿ ಶುರುಮಾಡಿದರು: ನನ್ನ ತಾಯಿ, ವಯಸ್ಸಾದವರು, ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಹೂಳಲು ಜಾಗ ಬೇಕು. ತಾಯಿ ಎನ್ನುವಲ್ಲಿ ಒಮ್ಮೆ ತಡೆದರು. ನೀಲವ್ವನಿಗೆ ಒಂದೆರಡು ಶಬ್ದ ಬಿಟ್ಟರೆ ಇಂಗ್ಲಿಷ್ ಬಾರದು. ಆದರೂ ಮಗನ ತುಟಿಯನ್ನೇ ನೋಡುತ್ತ ಕೊನೆಯವರೆಗೂ ಕೇಳಿದರು.

“ಸಿಟ್ಟಿಂಗ್ ಅನ್ನಲಿಲ್ಲ ನೀ. ಕುಂದ್ರಿಸೂದು ಬ್ಯಾಡೇನು?”

ಗಾಡಿ ಬಂತು. ಬಾಗಿಲು ತೆರೆದುಕೊಂಡರೂ ಈರಣ್ಣ ಹತ್ತಲಿಲ್ಲ. ಮೊದಲಿಂದ ಮತ್ತೆ ಹೇಳಿದರು, ಈ ಸಲ ಆ ಶಬ್ದವನ್ನೂ ಸೇರಿಸಿ.

“ಹಾಂ,” ಎಂದರು ನೀಲವ್ವ. “ಅವರೇನಂತಾರ ಕೇಳಿ ಬಾ. ಆಮ್ಯಾಲೆ ಇರೂದೋ ಬಿಡೂದೋ ನಾ ಹೇಳ್ತೀನಿ.”