ಶರೀಫಾಬಿಯ ಬಹುವಚನ

ಬ್ಯಾಡಗಿಯ ಆ ಹದಿನೆಂಟು ಹಾಸಿಗೆಗಳ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಶರೀಫಾಬಿಯ ಹೆಸರಿನ ಮುಂದೆ ‘ಆಯಾ’ ಎಂದಿತ್ತು. ನೆಲ ಒರೆಸುವುದು, ಬೇಸಿನ್ ತೊಳೆಯುವುದು, ಹೇಳಿದ್ದನ್ನು ಮಾಡುವುದು, ಇಷ್ಟು ಆಕೆಯ ಕೆಲಸ. ರಾಣೆಬೆನ್ನೂರಿನ ದಾದಿಯರ ತರಬೇತಿ ಶಾಲೆಯಿಂದ ವಾರಕ್ಕೆ ಮೂರು ದಿನ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಇಪ್ಪತ್ತು ಹುಡುಗಿಯರಿಗೆ ರೋಗಿಯನ್ನು ಹೇಗೆ ಮುಟ್ಟಬೇಕೆಂದು ಕಲಿಸುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಹತ್ತೊಂಬತ್ತು ವರ್ಷ ಚೆನ್ನಾಗಿ ಮಾಡಿದರೆ ಅದಕ್ಕೆ ಕಚೇರಿಯ ಭಾಷೆಯಲ್ಲಿ ಅಶಿಸ್ತು ಎನ್ನುತ್ತಾರೆ.

ಕಲಿಸುವುದಕ್ಕೆಂದೇ ನೇಮಕವಾಗಿದ್ದವರು ಟ್ಯೂಟರ್ ಪ್ರಭಾಕರ. ಮೈಸೂರು ಕಡೆಯವರು, ಸಜ್ಜನರು. ಅವರ ಬಿಳಿ ಕೋಟಿನ ಮೇಲೆ ಒಂದು ಹನಿ ಟಿಂಚರ್ ಬಿದ್ದದ್ದನ್ನೂ ಯಾರೂ ಕಂಡಿರಲಿಲ್ಲ. ಅವರ ಪಾಠವೆಂದರೆ ಉಕ್ತಲೇಖನ. ಸೂಜಿಯನ್ನು ಎಷ್ಟು ಡಿಗ್ರಿ ಕೋನದಲ್ಲಿ ಹಿಡಿಯಬೇಕೆಂಬುದನ್ನು ಅವರು ಅಲ್ಪವಿರಾಮ ಸಹಿತ ಹೇಳುವರು. ಹುಡುಗಿಯರು ಅಲ್ಪವಿರಾಮ ಸಹಿತ ಬರೆಯುವರು. ಅಭ್ಯಾಸಕ್ಕೆಂದು ದೂರದಿಂದ ತರಿಸಿದ ಆಳೆತ್ತರದ ರಬ್ಬರ್ ಗೊಂಬೆಯೂ ಒಂದಿತ್ತು. ಚುಚ್ಚಿದರೆ ತೂತು ಬೀಳುತ್ತದೆಂದು ಅದನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿ ಬೀಗ ಹಾಕಿದ್ದರು. ಆ ಆಸ್ಪತ್ರೆಯಲ್ಲಿ ಅಷ್ಟು ಕಾಳಜಿಯಿಂದ ನೋಡಿಕೊಂಡ ದೇಹ ಬೇರೊಂದಿರಲಿಲ್ಲ.

ಶರೀಫಾಬಿಯ ಬಳಿ ಬದನೆಕಾಯಿ ಇತ್ತು. ಅಡುಗೆಮನೆಯಿಂದ ನಾಲ್ಕು ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಹಿಂದಿನ ವರಾಂಡದಲ್ಲಿ ಹುಡುಗಿಯರಿಂದ ಅವಕ್ಕೆ ನೀರಿನ ಚುಚ್ಚುಮದ್ದು ಕೊಡಿಸುವಳು. ಥರ್ಮಾಮೀಟರ್ ಝಾಡಿಸುವುದನ್ನು ಕಲಿಸಲು ಒಣಮೆಣಸಿನಕಾಯಿ. ಆ ಊರಿನಲ್ಲಿ ಅದಕ್ಕೇನು ಬರ? ತೊಟ್ಟು ಹಿಡಿದು ಮಣಿಕಟ್ಟಿನಿಂದ ಝಾಡಿಸಬೇಕು. ಒಳಗಿನ ಬೀಜ ಗಲಗಲ ಎನ್ನಬೇಕು, ಕಾಯಿ ಮಾತ್ರ ಕೈಬಿಡಬಾರದು.

“ಏ ಖೋಡಿ, ಅದು ಥರ್ಮಾಮೀಟರ ಐತಿ. ಅತ್ತಿ ಜಡಿ ಹಿಡದಂಗ ಹಿಡದೀಯಲ್ಲ!”

“ನನಗ ಅತ್ತೀನ ಇಲ್ಲ ಚಾಚಿ,” ಎಂದಳು ಗುತ್ತಲದ ಉಚ್ಚಂಗೆವ್ವ.

“ಬರ್ತಾಳ ತಡಿ, ಆವಾಗ ಹಿಡಿಯಾಕಂತ. ಈಗ ಕೈ ಸಡಲ ಬಿಡು.”

ಎಲ್ಲಕ್ಕಿಂತ ಮೇಲಾದ ಅವಳ ಪಾಠ ಒಂದೇ: “ಮೊದಲ ಮುಟ್ಟು, ಆಮ್ಯಾಲ ಕೇಳು.” ಟ್ಯೂಟರರ ಪುಸ್ತಕದಲ್ಲಿ ಇದು ತಿರುವುಮುರುವಾಗಿತ್ತು. ಮೊದಲು ಕೇಳಬೇಕು, ಬರೆಯಬೇಕು, ಬರೆದದ್ದನ್ನು ತೋರಿಸಬೇಕು, ಬಳಿಕ ಮುಟ್ಟಬೇಕು. ಶರೀಫಾಬಿಯ ಗಂಡ ಅಲ್ಲಾಬಕ್ಷ ಇದೇ ವಾರ್ಡಿನಲ್ಲಿ ತೀರಿಕೊಂಡಿದ್ದ. ಅವನ ಹೆಸರು, ಊರು, ವಯಸ್ಸು ಬರೆದುಕೊಳ್ಳುವುದರಲ್ಲಿ ಒಂದು ಬೆಳಗು ಕಳೆದುಹೋಗಿತ್ತು. ಮೈ ಮುಟ್ಟಿ ನೋಡುವ ಸರದಿ ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಅದಾದ ಮೂರು ತಿಂಗಳಿಗೆ ಅವಳು ಅಲ್ಲಿಯೇ ಆಯಾ ಕೆಲಸಕ್ಕೆ ಸೇರಿದಳು. ವಾರ್ಡು ಬಿಟ್ಟು ಬೇರೆಡೆಗೆ ಹೋಗೆಂದರೆ ಅವಳು ಯಾಕೆ ಹೋಗುತ್ತಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಾನು ಹಾವೇರಿಯಲ್ಲಿ ಕನ್ನಡ ಮಾಸ್ತರ. ಹುಡುಗಿಯರು ಬರೆಯುವ ರೋಗಿಗಳ ವರದಿಯಲ್ಲಿ ಭಾಷೆ ಕೆಟ್ಟಿದೆ ಎಂದು ಮೇಲಿನವರು ಮುನಿದದ್ದರಿಂದ ಶನಿವಾರಕ್ಕೊಮ್ಮೆ ನನ್ನನ್ನೂ ಅಲ್ಲಿಗೆ ಕರೆಸತೊಡಗಿದರು. ನಾನು ಕೆಂಪು ಶಾಯಿಯ ಪೆನ್ನಿನೊಡನೆ ಹೋಗಿ ಭಾಷೆಗೆ ಚಿಕಿತ್ಸೆ ಮಾಡಿದೆ. ನಮ್ಮ ಕಡೆ ಉರಿ ಎಂದರೆ ಜ್ವರ, ಮತ್ತು ಅದು ಎಂದೂ ಒಂಟಿಯಾಗಿ ಬರುವುದಿಲ್ಲ. ‘ಉರಿ ಬಂದಾವ’ ಎನ್ನುತ್ತೇವೆ. ನನ್ನ ತಾಯಿಯೂ ಹಾಗೆಯೇ ಅನ್ನುತ್ತಿದ್ದಳು. ಆದರೆ ಬರಹದಲ್ಲಿ ಅದನ್ನು ಕಂಡಾಗ ನನ್ನ ಕೈ ಸುಮ್ಮನಿರಲಿಲ್ಲ. ‘ಉರಿ’ ಏಕವಚನ, ಕ್ರಿಯಾಪದವೂ ಏಕವಚನದಲ್ಲಿರಬೇಕು. ಕಂಡಕಂಡಲ್ಲೆಲ್ಲ ಹೊಡೆದು ‘ಉರಿ ಇದೆ’ ಎಂದು ತಿದ್ದಿದೆ.

“ಏನ ಕಾಟ ಹೊಡದ್ರಿ ಮಾಸ್ತರ್ರ?” ಎಂದಳು ಓದಲು ಬಾರದ ಶರೀಫಾಬಿ, ನೆಲ ಒರೆಸುತ್ತ.

ಹೇಳಿದೆ.

“ಚಳಿ ಬರ್ತಾವ, ನಡುಕ ಬರ್ತಾವ, ತಲಿನೋವ ಬರ್ತೈತಿ, ವಾಂತಿ ಬರ್ತಾವ. ಇಷ್ಟು ಮಂದಿ ಕೂಡಿ ಬಂದ್ರ ಏಕವಚನ ಹೆಂಗ ಆಕ್ಕೈತ್ರಿ?”

ನಾನು ನಕ್ಕೆ. ಓದದವರ ತರ್ಕ ಎಷ್ಟು ಚೆಂದ ಎಂದುಕೊಂಡು ಮುಂದಿನ ಪುಟವನ್ನೂ ತಿದ್ದಿದೆ.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಪ್ರಾಯೋಗಿಕ ಪರೀಕ್ಷೆಗೆಂದು ಮೈಸೂರು ಕಡೆಯಿಂದ ಒಬ್ಬ ಪರೀಕ್ಷಕಿ ಬರುವುದು ಗೊತ್ತಾಯಿತು. ಅಷ್ಟರಲ್ಲಿ ಬದನೆಕಾಯಿಯ ಸುದ್ದಿ ಟ್ಯೂಟರರ ಕಿವಿಗೆ ಬಿದ್ದಿತ್ತು. ಅವರು ಶರೀಫಾಬಿಯನ್ನು ಕರೆಸಿದರು.

“ನೋಡಮ್ಮ, ಪಾಠ ಮಾಡೋಕೆ ನಾನಿದೀನಿ. ಪರೀಕ್ಷೆ ದಿನ ವಾರ್ಡಿನಲ್ಲಿ ನೀನು ಒಂದೇ ಒಂದು ಮಾತಾಡಿದರೂ ಮಾರನೇ ದಿನದಿಂದ ಬಟ್ಟೆ ಒಗೆಯೋ ಕೋಣೆಗೆ ಹಾಕಿಸ್ತೀನಿ.”

ಬಟ್ಟೆ ಒಗೆಯುವ ಕೋಣೆ ಆಸ್ಪತ್ರೆಯ ಹಿಂದೆ, ಹುಣಸೆಮರದ ಆಚೆ ಇತ್ತು. ಅಲ್ಲಿಗೆ ರೋಗಿಗಳ ಚಾದರು ಬರುತ್ತಿತ್ತು, ರೋಗಿಗಳು ಬರುತ್ತಿರಲಿಲ್ಲ.

“ಆತ್ರಿ ಸಾಹೇಬ್ರ. ನನ್ನ ಬಾಯಾಗ ನಾಲಗಿ ಇಲ್ಲ ಅನಕೋರಿ,” ಎಂದು ಹೊರಬಂದ ಶರೀಫಾಬಿ ಆ ದಿನ ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ಹುಡುಗಿಯರು ಹೆದರಿದರು.

ಪರೀಕ್ಷೆ ಶನಿವಾರ ಬಂತು. ವೈದ್ಯರಾದ ಸುರೇಶ ಅವರು ಹಾವೇರಿಯ ಸಭೆಗೆ ಹೋಗಿದ್ದರು. ಉಚ್ಚಂಗೆವ್ವನ ಪಾಲಿಗೆ ಆಗತಾನೆ ದಾಖಲಾದ ಡಾಕಪ್ಪ ಬಂದ. ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವವನು, ಕಂಬಳಿ ಹೊದ್ದು ಮುದುಡಿ ಮಲಗಿದ್ದ. ಏನಾಗಿದೆ ಎಂದು ಅವಳು ಕೇಳಿದಳು.

“ಉರಿ ಬಂದಾವ ಯವ್ವಾ. ಮೂರು ದಿನಾ ಆತು.”

ಉಚ್ಚಂಗೆವ್ವ ಬರೆಯಲು ಹೋಗಿ ತಡೆದಳು. ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ನನ್ನನ್ನು, ನನ್ನ ಕಿಸೆಯ ಕೆಂಪು ಪೆನ್ನನ್ನು ನೋಡಿದಳು. ಬಳಿಕ ದುಂಡಗಿನ ಅಕ್ಷರದಲ್ಲಿ ‘ಉರಿ ಇದೆ’ ಎಂದು ಶುದ್ಧವಾಗಿ ಬರೆದು ತೋರಿಸಿದಳು.

ಪರೀಕ್ಷಕಿ ಓದಿದರು. “ಉರಿನಾ? ಇವರು ಏನು ಕೆಲಸ ಮಾಡ್ತಾರೆ?”

“ಮೆಣಸಿನಕಾಯಿ ಹಮಾಲಿ ಮೇಡಂ,” ಎಂದರು ಟ್ಯೂಟರ್. ಅವರ ಮುಖ ಬೆಳಗಿತು. ಪುಸ್ತಕದ ಹೊರಗಿನ ರೋಗವೊಂದನ್ನು ಸ್ವಂತ ಬುದ್ಧಿಯಿಂದ ಕಂಡುಹಿಡಿಯುವ ಅವಕಾಶ ಅವರಿಗೆ ಅದೇ ಮೊದಲ ಸಲ ಬಂದಿತ್ತು. “ಎಲ್ಲಿ ಉರಿ ಕಣಪ್ಪ? ಕೈಯಲ್ಲಾ?”

“ಮೈತುಂಬ ರೀ.”

“ಕೇಳಿದಿರಾ ಮೇಡಂ? ಮೈತುಂಬ!”

ಮೆಣಸಿನಕಾಯಿಯ ಘಾಟು ಚರ್ಮದ ಮೇಲೆ ಏನೇನು ಮಾಡುತ್ತದೆಂದು ಅವರು ಹತ್ತು ನಿಮಿಷ ಹೇಳಿದರು. ಪರೀಕ್ಷಕಿ ಬರೆದುಕೊಂಡರು. ಅಡುಗೆಮನೆಯಿಂದ ಮಜ್ಜಿಗೆ ತರಿಸಲಾಯಿತು. ಕಂಬಳಿ ತೆಗೆದು, ಮಜ್ಜಿಗೆಯಲ್ಲಿ ಅದ್ದಿದ ಅರಿವೆಯನ್ನು ಡಾಕಪ್ಪನ ಎದೆಗೆ, ತೋಳಿಗೆ ಸುತ್ತಲಾಯಿತು. ಅವನ ಹಲ್ಲುಗಳು ಕಟಕಟ ಕಡಿಯತೊಡಗಿದವು.

“ಥಂಡಿ… ಥಂಡಿ ಹತ್ತೈತ್ರಿ…”

“ನೋಡಿ, ತಂಪಾಗ್ತಿದೆ ಅಂತಿದಾನೆ. ಗುಣ ಕಾಣ್ತಿದೆ,” ಎಂದರು ಟ್ಯೂಟರ್. “ಇನ್ನೂ ಸ್ವಲ್ಪ ಮಜ್ಜಿಗೆ ತನ್ನಿ.”

ನನಗೆ ಅರ್ಥವಾಗಿತ್ತು. ಸ್ಟೂಲಿನಿಂದ ಅರ್ಧ ಎದ್ದಿದ್ದೆ ಕೂಡ. ಆದರೆ ತಿದ್ದಿದವನೇ ತಪ್ಪು ಮಾಡಿದ್ದಾನೆಂದು ಅಷ್ಟು ಜನರ ಮುಂದೆ ಹೇಳುವುದಕ್ಕೆ ಯಾವ ವಿಭಕ್ತಿ ಬಳಸಬೇಕೆಂಬುದು ಹೊಳೆಯಲಿಲ್ಲ.

ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಶರೀಫಾಬಿ ಒಮ್ಮೆ ಹೊರಗಿನ ಹುಣಸೆಮರದ ಕಡೆ ನೋಡಿದಳು. ಬಕೆಟ್ ಕೆಳಗಿಟ್ಟಳು. ನೇರ ಬಂದು ಅಂಗೈಯನ್ನು ಡಾಕಪ್ಪನ ಕುತ್ತಿಗೆಯ ಹಿಂದೆ ಇಟ್ಟಳು.

“ಉರಿ ಐತಿ ಅಂದಿಲ್ಲರಿ ಅಂವಾ. ಉರಿ ಬಂದಾವ ಅಂದಾನ. ರೊಟ್ಟಿ ಸುಡೂ ಹಂಚಾಗ್ಯಾನ, ನೀವು ಮಜ್ಜಿಗಿ ಹಚ್ಚಾಕತ್ತೀರಿ. ಏ ಉಚ್ಚಂಗಿ, ಬಾಯಿ ತಕ್ಕೊಂಡು ಏನ ನೋಡ್ತಿ? ಥರ್ಮಾಮೀಟರ ತಗಿ!”

ಉಚ್ಚಂಗೆವ್ವ ಥರ್ಮಾಮೀಟರ್ ಹಿಡಿದು ಎರಡೇ ಬಾರಿ ಝಾಡಿಸಿದಳು. ಪಾದರಸ ಬುಡಕ್ಕಿಳಿಯಿತು. ಎರಡು ನಿಮಿಷದ ಬಳಿಕ ಓದಿದಳು: ನೂರಾ ನಾಲ್ಕು. ಅರಿವೆ ಕಿತ್ತು, ಮೈ ಒರೆಸಿ, ನಡುಗುತ್ತಿದ್ದವನಿಗೆ ಮತ್ತೆ ಕಂಬಳಿ ಹೊದಿಸಿದಳು. ಕೇಳದೆಯೇ ನಾಡಿ ಹಿಡಿದಳು, ಕೇಳದೆಯೇ ರಕ್ತದ ಲೇಪ ತೆಗೆಯಲು ಗಾಜು ತಂದಳು. ಮಲೇರಿಯಾ ಎಂದು ಸಂಜೆಗೆ ಗೊತ್ತಾಯಿತು.

ಪರೀಕ್ಷಕಿ ಹುಡುಗಿಯ ಕೈಯನ್ನೇ ನೋಡುತ್ತಿದ್ದರು. “ಎಷ್ಟು ಹದವಾದ ಕೈ! ಯಾರಮ್ಮ ಕಲಿಸಿದ್ದು?”

ಉಚ್ಚಂಗೆವ್ವನ ಕಣ್ಣು ಚಾಚಿಯ ಕಡೆ ಹೋಯಿತು. ಚಾಚಿ ಗದ್ದವೆತ್ತಿ ಟ್ಯೂಟರರನ್ನು ತೋರಿಸಿದಳು.

“ನಮ್ಮ ಟ್ಯೂಟರ್ ಸರ್ರು ರೀ.”

ಪ್ರಭಾಕರ ಅವರು ವಿನಯದಿಂದ ತಲೆ ತಗ್ಗಿಸಿದರು. ವಿನಯವನ್ನು ಅವರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಪರೀಕ್ಷಕಿಯ ವರದಿಯಲ್ಲಿ ಬೋಧನೆಯನ್ನು ಬಹುವಾಗಿ ಹೊಗಳಲಾಗಿತ್ತು. ಶರೀಫಾಬಿಗೆ ಸೋಮವಾರ ಆದೇಶ ಬಂತು: ಪರೀಕ್ಷೆಯ ವೇಳೆ ಮಾತನಾಡಿದ್ದರಿಂದ ಬಟ್ಟೆ ಒಗೆಯುವ ಕೋಣೆಗೆ ವರ್ಗಾವಣೆ. ಅವಳು ಸೆರಗು ಬಿಗಿದು ಹುಣಸೆಮರದ ಆಚೆ ಹೋದಳು.

ಬುಧವಾರ ವೈದ್ಯರು ವಾರ್ಡಿಗೆ ಬಂದಾಗ ಕಾಗಿನೆಲೆ ಕಡೆಯ ಒಬ್ಬ ಮುದುಕಿ ತನ್ನ ಸಂಕಟವನ್ನು ನಾಲ್ಕನೆಯ ಬಾರಿ ಹೇಳುತ್ತಿದ್ದಳು, ಟ್ಯೂಟರರು ನಾಲ್ಕನೆಯ ಬಾರಿ ತಪ್ಪಾಗಿ ಬರೆಸುತ್ತಿದ್ದರು. ಎರಡು ನಿಮಿಷ ಕೇಳಿ ಸುರೇಶ ಅವರು ಕೂಗಿದರು:

“ಶರೀಫಾಬಿ ಎಲ್ಲಿ ಹೋಗ್ಯಾಳ? ಲಗೂ ಕರೀರಿ!”

“ಆದೇಶ ಆಗಿದೆ ಸರ್, ರದ್ದು ಮಾಡೋಕೆ ಬರಲ್ಲ…”

“ರದ್ದ ಮಾಡಬ್ಯಾಡ್ರಿ. ಆದೇಶ ಫೈಲಿನ್ಯಾಗ ಇರ್ಲಿ, ಆಕಿ ಇಲ್ಲಿರ್ಲಿ.”

ಹಾಗೆಯೇ ಆಯಿತು. ಮುಂದಿನ ಒಂಬತ್ತು ವರ್ಷ ಆದೇಶ ಫೈಲಿನಲ್ಲಿತ್ತು, ಶರೀಫಾಬಿ ವಾರ್ಡಿನಲ್ಲಿದ್ದಳು. ಉಚ್ಚಂಗೆವ್ವನ ಬಳಿಕ ಅವಳ ಕೈಕೆಳಗೆ ಎಷ್ಟು ಹುಡುಗಿಯರು ಕಲಿತರೋ ಯಾರೂ ಬರೆದಿಟ್ಟಿಲ್ಲ. ನಾನು ಹುಡುಗಿಯರ ಪುಸ್ತಕಗಳಲ್ಲಿ ಕಾಗುಣಿತವನ್ನಷ್ಟೇ ತಿದ್ದತೊಡಗಿದೆ. ಜ್ವರ ಎಷ್ಟು ವಚನದಲ್ಲಿ ಬರಬೇಕೆಂಬುದನ್ನು ಜ್ವರಕ್ಕೇ ಬಿಟ್ಟೆ.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಅವಳು ನಿವೃತ್ತಳಾದಳು. ಸಮಾರಂಭಕ್ಕೆ ನಾನೂ ಹೋಗಿದ್ದೆ. ಹೊಸದಾಗಿ ಬಂದಿದ್ದ ಆಡಳಿತಾಧಿಕಾರಿಗಳು ಫೈಲು ನೋಡಿಕೊಂಡು ಭಾಷಣ ಮಾಡಿದರು. ಬಟ್ಟೆ ಒಗೆಯುವ ವಿಭಾಗದಲ್ಲಿ ಒಂಬತ್ತು ವರ್ಷ ನಿಷ್ಠೆಯಿಂದ ದುಡಿದು, ಆಸ್ಪತ್ರೆಯ ಚಾದರುಗಳನ್ನು ಹಾಲಿನಂತೆ ಬೆಳ್ಳಗಿಟ್ಟ ತಾಯಿಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಶರೀಫಾಬಿ ಶಾಲು ಸರಿಪಡಿಸಿಕೊಂಡು ನನ್ನ ಕಡೆ ಬಾಗಿದಳು.

“ಒಂದ ದಿಂಬಿನ ಚೀಲಾನೂ ಒಗದಿಲ್ಲರಿ ಮಾಸ್ತರ್ರ,” ಎಂದಳು ಮೆಲ್ಲಗೆ. “ಎರಡು ದಿನ ಅಲ್ಲಿ ಕುಂತು ಅಳೂದರಾಗ ಹೋತು.”