ಕಿವಿಗೆ ಬಿಟ್ಟ ನೀರು

ಮೊನ್ನೆ ಸೊಸೆ ಸುರಪುರದ ಸಂತೆಯಿಂದ ಹೊಸ ಕಂಬಳಿ ತಂದು ನನ್ನ ಕಾಲ ಮೇಲೆ ಹೊದಿಸಿದಳು. ಹುಣಸೆ ಬೀಜದ ಗಂಜಿ ಹಚ್ಚಿದ ಉಣ್ಣೆಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಹಿತ್ತಿಲ ಗೋಡೆಯಾಚೆಯ ಮಾವ ಬಂದು ಎದುರು ನಿಂತಂತಾಯಿತು. ಸ್ವಂತ ಮಾವನಲ್ಲ. ನನ್ನ ಗಂಡ ಅವರನ್ನು ಕಾಕಾ ಎನ್ನುತ್ತಿದ್ದರು, ಹಾಗಾಗಿ ನನಗೆ ಮಾವ. ಕುರಿ ಸಾಕುವ ಮನೆತನ. ಅವರ ಕಂಬಳಿಯೂ ಹೀಗೇ ನಾರುತ್ತಿತ್ತು. ಆಗಿನಿಂದ ನನಗೆ ಒಂದು ಕಡೆ ಕೂತಲ್ಲಿ ಕೂರಲಾಗುತ್ತಿಲ್ಲ...

ನಾನು ಶಹಾಪುರದಿಂದ ಮದುವೆಯಾಗಿ ಬಂದಾಗ ಇದಿನ್ನೂ ನಿಜಾಮರ ರಾಜ್ಯ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಿಜಾಮರ ಪರ ನಿಂತ ರಜಾಕಾರರ ದಂಡು ಬಂತೆಂದರೆ ಬಣವೆಗೆ ಬೆಂಕಿ ಬಿತ್ತೆಂದೇ ಲೆಕ್ಕ. ಊರಿನ ಗಂಡಸರು ಗಡಿ ದಾಟಿ ಹೋರಾಟದ ಶಿಬಿರ ಸೇರಿದರು, ಮಾವನೂ ಹೋದರು. ಶಿಬಿರದವರಿಗೂ ರಜಾಕಾರರಿಗೂ ನಡೆದ ಒಂದು ಹೊಡೆದಾಟದಲ್ಲಿ ಅವರು ಬಾವಿಯ ದಂಡೆಯಲ್ಲಿ ಬಗ್ಗಿ ಕುಳಿತಿದ್ದ ಒಬ್ಬ ರಜಾಕಾರನನ್ನು ಹಿಂದಿನಿಂದ ಕೊಡಲಿಯಲ್ಲಿ ಕಡಿದರು. ಹೊರಳಿಸಿ ನೋಡಿದರೆ ಗುರುತಿನ ಮುಖ! ವಡಗೇರಾ ಊರಿನ ಹುಡುಗ. ಅಪ್ಪನ ಜೊತೆ ಉಣ್ಣೆ ಕೊಳ್ಳಲು ಮಾವನ ಮನೆಗೇ ಬಂದು ಹೋಗಿದ್ದವನು.

ಮುಂದೆ ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಊರವರು ಮಾವನಿಗೆ ಹಾರ ಹಾಕಿ ಮೆರೆಸಿದರು. ಮಾವನಿಗೆ ಮಾತ್ರ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮಠಕ್ಕೆ ಹೋಗಿ ಸ್ವಾಮಿಗಳ ಕಾಲಿಗೆ ಬಿದ್ದರಂತೆ.

“ಅಪ್ಪಾರ, ನನ್ನ ಕೈಲಿಂದ ಪಾಪ ಆಗ್ಯಾದ. ಏನಾರ ದಂಡ ಹಾಕ್ರಿ.”

“ಎದರ ಪಾಪೋ? ಧರ್ಮಕ್ಕಾಗಿ ಕೊಂದದ್ದು ಪಾಪ ಅಲ್ಲ. ಉಂಡು ಸುಮ್ಮನ ಮಕ್ಕೋ ಹೋಗು.”

ಯಾರನ್ನು ಕೇಳಿದರೂ ಇದೇ ಮಾತು. ಪಾಪವೇ ಅಲ್ಲವೆಂದ ಮೇಲೆ ಪ್ರಾಯಶ್ಚಿತ್ತ ಎಲ್ಲಿಂದ ಬರಬೇಕು? ಅಯ್ಯೋ, ಆ ಮನುಷ್ಯ ಹಿತ್ತಿಲಲ್ಲಿ ಅತ್ತಿಂದಿತ್ತ ಸುತ್ತುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ನಮ್ಮೂರಲ್ಲಿ ದೇವಿಗೆ ಬಿಟ್ಟ ಕುರಿಯನ್ನು ಕಡಿಯುವ ಹಕ್ಕು ಮಾವನ ಮನೆತನದ್ದು. ಸುಮ್ಮನೆ ಕಡಿಯುವಂತಿಲ್ಲ. ಕುರಿಯ ಬೆನ್ನ ಮೇಲೆ ನೀರು ಚಿಮುಕಿಸಿ ಕಾಯಬೇಕು. ಅದು ಮೈ ಕೊಡವಿದರೆ ದೇವಿ ಒಪ್ಪಿಗೆ ಕೊಟ್ಟ ಹಾಗೆ, ಕೊಡವದಿದ್ದರೆ ಮುಟ್ಟುವಂತಿಲ್ಲ. ಆ ವರ್ಷ ಮಾವ ಒಲ್ಲೆ ಎಂದರು. ಹಿಂಡಿಗೆ ರೋಗ ಬರುತ್ತದೆ ಎಂದು ಹಿರಿಯರು ಹೆದರಿಸಿ ಕರೆತಂದರು.

ನೀರು ಚಿಮುಕಿಸಿದರು. ಕುರಿ ಕಲ್ಲಿನಂತೆ ನಿಂತಿತ್ತು. ಮತ್ತೆ ಚಿಮುಕಿಸಿದರು. ಬಿಸಿಲು ಏರಿತು, ಡೊಳ್ಳಿನವರ ಕೈ ಸೋತಿತು, ಹೆಂಗಸರು ಗುಸುಗುಸು ಶುರುಮಾಡಿದೆವು. ಪೂಜಾರಿಗೆ ತಾಳ್ಮೆ ಕೆಟ್ಟು, ತಂಬಿಗೆ ಬಗ್ಗಿಸಿ ಕುರಿಯ ಕಿವಿಯೊಳಕ್ಕೇ ನೀರು ಬಿಟ್ಟ. ಕಿವಿಗೆ ನೀರು ಹೋದರೆ ಯಾವ ಕುರಿ ಸುಮ್ಮನಿದ್ದೀತು? ಪಟಪಟ ಮೈ ಕೊಡವಿತು. “ಕೊಟ್ಟಾಳ, ತಾಯಿ ಒಪ್ಪಿಗಿ ಕೊಟ್ಟಾಳ!” ಎಂದು ಮಂದಿ ಕೂಗಿದರು.

ಮಾವ ಕತ್ತಿಯನ್ನು ನೆಲಕ್ಕಿಟ್ಟರು.

“ಕಿವಿಗಿ ನೀರು ಬಿಟ್ಟು ಹೂಂ ಅನಸೀರಿ. ನನ್ನ ಕಿವ್ಯಾಗೂ ಧರ್ಮ, ಧರ್ಮ ಅಂತ ಹಿಂಗೇ ಬಿಟ್ಟಿದ್ರಿ. ನಾನೂ ಮೈ ಕೊಡವಿದೆ. ಆ ಹುಡುಗನ್ನ ಯಾರು ಕೇಳಿದ್ರಿ?”

ಕುರಿಯ ಹಗ್ಗ ಬಿಚ್ಚಿ ಹಿಂಡಿನೊಳಗೆ ಬಿಟ್ಟು ಮಾವ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮಾವ ಗೋಡೆಯ ಮೇಲಿಂದ ಕೇಳಿದರು, “ಯವ್ವಾ, ನೀ ಆದ್ರೂ ಖರೇ ಹೇಳು. ಪಾಪ ಹೌದೋ ಅಲ್ಲೋ?”

ನನ್ನ ಬಾಯಿ ಮೊದಲಿನಿಂದಲೂ ಜೋರು, ಅತ್ತೆಯಿಂದ ಬೈಸಿಕೊಂಡದ್ದೆಲ್ಲ ಅದಕ್ಕೇ. ಅಂದುಬಿಟ್ಟೆ: “ಪಾಪ ಹೌದ್ರಿ ಮಾವಾ. ಊರು ಉಳೀತು, ಅದೂ ಖರೇ. ಆದ್ರ ಆ ಹುಡುಗನ ಅವ್ವಗ ನೀವು ಧರ್ಮ ಹೇಳಾಕ ಆಗ್ತದೇನ್ರಿ?”

ಮಾವ ಅತ್ತರು. ಅಷ್ಟು ದೊಡ್ಡ ಗಂಡಸು ಗೋಡೆ ಹಿಡಿದು ಮಗುವಿನಂತೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು ಕೋಲು ಹಿಡಿದು ವಡಗೇರಾದ ದಾರಿ ಹಿಡಿದರು. ಆಗ ಆ ಕಡೆಯ ಮುಸಲ್ಮಾನರ ಮೇಲೂ ಸೇಡಿನ ಕೈಗಳು ಬಿದ್ದಿದ್ದವು, ಎಷ್ಟೋ ಮನೆಗಳು ಹಾಳಾಗಿದ್ದವು. ಇವರಿಗೆ ಅಲ್ಲಿ ಏನಾಗುವುದೋ, ಇವರನ್ನು ಕಂಡು ಆ ಹುಡುಗನ ತಾಯಿಗೆ ಏನಾಗುವುದೋ ಎಂದು ಒಳಗೂ ಹೊರಗೂ ತಿರುಗಿದೆ.

ಎರಡು ದಿನ ಬಿಟ್ಟು ಬಂದರು. ಹುಡುಗನ ತಾಯಿ ಮೊದಲು ಹೆದರಿ ಬಾಗಿಲು ಹಾಕಿಕೊಂಡಳಂತೆ. ಇವರು ಹೊಸ್ತಿಲ ಹೊರಗೇ ಕೂತು ಎಲ್ಲ ಹೇಳಿದ ಮೇಲೆ ಬಾಗಿಲು ತೆರೆದಳಂತೆ.

“ನನ್ನ ಮಗ ನಿನಗೇನು ಮಾಡಿದ್ದ ಅಂತ ಕೇಳಿದ್ಳವ್ವಾ. ನನಗೇನೂ ಮಾಡಿದ್ದಿಲ್ಲ ಅಂದೆ. ಮಾಫ್ ಮಾಡು ತಾಯಿ ಅಂದೆ.”

“ಏನಂದ್ಳ್ರಿ?”

“ಮಾಫಿ ಕೊಡೂದು ನನ್ನ ಕೈಯಾಗಿಲ್ಲ, ಸತ್ತವನ ಕೈಯಾಗದ. ಅಲ್ಲಿ ಹೋದಾಗ ಅವನಿಗೇ ಕೇಳು ಅಂದ್ಳು.”

ಕ್ಷಮೆ ಸಿಗದೆ ಬಂದವರು ಅಂದು ರೊಟ್ಟಿ ಕೇಳಿ ಹೊಟ್ಟೆ ತುಂಬ ಉಂಡರು. ನನಗೆ ಇಂದಿಗೂ ಇದು ಪೂರ್ತಿ ತಿಳಿದಿಲ್ಲ...

ಕತ್ತಿಯನ್ನು ಅವರು ಮತ್ತೆ ಹಿಡಿಯಲೇ ಇಲ್ಲ. ಬಹಳ ವರ್ಷಗಳ ಮೇಲೆ ಹಾಸಿಗೆ ಹಿಡಿದರು. ಕೊನೆಯ ದಿನ ಮಗ ಬಾಯಿಗೆ ನೀರು ಹಾಕಿ, ಶಿವಾ ಅನ್ನು ಅಪ್ಪಾ ಎಂದ. ಮಾವ ತಲೆ ಅಲ್ಲಾಡಿಸಿದರು. “ತಡಿಯೋ. ಮೊದಲ ಆ ಹುಡುಗನ್ನ ಕೇಳಬೇಕಾಗ್ಯಾದ.” ಅಷ್ಟೇ.

ನನಗೀಗ ಕಣ್ಣು ಮಂಜು, ಕಾಲಲ್ಲಿ ಬಲವಿಲ್ಲ. ಮೊಮ್ಮಗ ಟೀವಿ ಮುಂದೆ ಕೂತು ಯಾವುದೋ ಯುದ್ಧ ನೋಡುತ್ತ “ಹೊಡೀರಿ, ಹೊಡೀರಿ” ಎಂದು ಚಪ್ಪಾಳೆ ತಟ್ಟುತ್ತಾನೆ. ಬೈಯಬೇಕೆಂದು ಬಾಯಿ ತೆರೆಯುತ್ತೇನೆ, ಮತ್ತೆ ಮುಚ್ಚಿ ಕಂಬಳಿ ಎಳೆದುಕೊಳ್ಳುತ್ತೇನೆ. ಪಾಪ ಹೌದು ಎಂದು ಅಂದು ಆ ಮನುಷ್ಯನನ್ನು ಕಳಿಸಿದವಳು ನಾನು. ಆ ಹುಡುಗ ಮಾಫಿ ಕೊಟ್ಟನೋ ಇಲ್ಲವೋ, ಬಂದು ಹೇಳಲು ಗೋಡೆಯಾಚೆ ಮಾವ ಇಲ್ಲ.